ಮಡಿಯಲ್ಲಿದ್ದ ಲೆಕ್ಕ

ಬೆಟಗೇರಿಯ ಬಸವಣ್ಣೆವ್ವ ಬಾಯಿ ತೆರೆದಳೆಂದರೆ ಗದಗ ಜಂಕ್ಷನ್ನಿನಲ್ಲಿ ನಿಂತ ರೈಲು ಸಿಗ್ನಲ್ ಸಿಕ್ಕರೂ ಹೊರಡುತ್ತಿರಲಿಲ್ಲ. ಮಾತಿನ ಕೊನೆ ಕೇಳಿಯೇ ಹೋಗೋಣವೆಂದು ಡ್ರೈವರ್ ಕಿಟಕಿಗೆ ಕಿವಿ ಹಚ್ಚಿ ಕೂತುಬಿಡುತ್ತಿದ್ದ. ಕೊನೆ ಎಂಬುದು ಇರುತ್ತಿರಲಿಲ್ಲವಾಗಿ, ಹುಬ್ಬಳ್ಳಿಗೆ ಅವಸರವಿದ್ದವರು ಬಸ್ಸು ಹಿಡಿಯುತ್ತಿದ್ದರು. ಅಂಥ ಬಸವಣ್ಣೆವ್ವ ಒಂದು ಬೆಳಿಗ್ಗೆ, ಸೊಸೆ ದ್ರಾಕ್ಷಾಯಣಿ ಮುಂದಿಟ್ಟ ಚಹಾ ಕೈಗೆತ್ತಿಕೊಂಡು, ಒಂದು ಗುಟುಕು ಕುಡಿದು, ತಣ್ಣಗೆ ಹೇಳಿದಳು:

"ಚಹಾ ಬಾಳ ಛಲೋ ಆಗೇತ್ರೀ."

ದ್ರಾಕ್ಷಾಯಣಿಯ ಕೈಯಲ್ಲಿದ್ದ ಸೋಸುಣಿಗೆ ಜಾರಿ ನೆಲಕ್ಕೆ ಬಿತ್ತು. ಮದುವೆಯಾಗಿ ಇಪ್ಪತ್ತು ವರ್ಷಗಳಲ್ಲಿ ಅವಳ ಚಹಾ ನೀರಾಗಿತ್ತು, ಕಷಾಯವಾಗಿತ್ತು, ಎಮ್ಮೆಗೆ ಇಡುವ ಕಲಗಚ್ಚಾಗಿತ್ತು, ಒಮ್ಮೆ ಬೀಗರ ಮುಂದೆ ಗೋಡೆಗೆ ಬಳಿಯುವ ಕೆಮ್ಮಣ್ಣೂ ಆಗಿತ್ತು. ಛಲೋ ಆಗಿರಲಿಲ್ಲ. ಅದರ ಮೇಲೆ ಬೇರೆ 'ರೀ'!

"ಅತ್ತೀ, ಅರಾಮ ಅದೀರಿಲ್ಲೋ?"

"ನಾ ಅರಾಮ ಅದೀನ್ರೀ ತಂಗಿ. ನೀವು ಯಾರ ಪೈಕಿ ಅಂತ ಗೊತ್ತಾಗಲಿಲ್ಲ ನೋಡ್ರಿ. ನಿಂತ ನಿಂತೀರಲ್ಲ, ಕುಂದರ್ರಿ. ದಣಿದು ಬಂದಂಗ ಕಾಣತೀರಿ."

ಮಾಡಿನ ಮೇಲಿನ ಕಾಗೆ ಕೂಡ ಆ ಮಾತು ಕೇಳಿ ಹಾರುವುದನ್ನು ಮರೆತು ನಡೆದುಕೊಂಡು ಹೋಯಿತು. ದ್ರಾಕ್ಷಾಯಣಿ ಬಗ್ಗಿ ಅತ್ತೆಯ ಬಲಗಿವಿಯ ಹಿಂದೆ ನೋಡಿದಳು. ಅಲ್ಲಿ ಅಂಟಿಸಿದ್ದ ಬಿಲ್ಲೆ ಕೆಂಪಗೆ ಉರಿಯುತ್ತಿತ್ತು. ಒಳಗೆ ಲೆಕ್ಕ ನಡೆದಿತ್ತು, ಲೆಕ್ಕ ಮಡಿಯಲ್ಲಿತ್ತು.

ಇದು ಮಿದುಳು ಬಾಡಿಗೆಗೆ ಹೋಗುತ್ತಿದ್ದ ಕಾಲದ ಮಾತು. ಲೆಕ್ಕ ಮಾಡುವ ಯಂತ್ರಗಳಿಗೆ ಆಗ ಹೊಟ್ಟೆ ಎಷ್ಟು ಬೆಳೆದಿತ್ತೆಂದರೆ, ಕಪ್ಪತಗುಡ್ಡದ ಅಷ್ಟೂ ಗಾಳಿಯಂತ್ರಗಳ ಕರೆಂಟನ್ನು ಒಂದೇ ಗುಟುಕಿಗೆ ಕುಡಿದು ಇನ್ನಷ್ಟು ಹಾಕಿ ಎಂದು ಬಾಯಿ ತೆರೆದು ಕೂರುತ್ತಿದ್ದವು. ಮನುಷ್ಯನ ತಲೆಯಾದರೆ ಎರಡು ಜೋಳದ ರೊಟ್ಟಿ, ಒಂದಿಷ್ಟು ಪುಂಡಿಪಲ್ಯದ ಮೇಲೆ ದಿನವಿಡೀ ಓಡುತ್ತದೆ, ಒಳಗೆ ಬೇಕಾದಷ್ಟು ಜಾಗವೂ ಇದೆ ಎಂದು ಯಾರೋ ಕಂಡುಕೊಂಡರು. ಅಲ್ಲಿಗೆ ಊರೂರಿಗೆ ಸಂಘಗಳು ಹುಟ್ಟಿದವು. ಬೆಟಗೇರಿಯ ಹಳೇ ಹತ್ತಿ ಗಿರಣಿಯ ಗೋದಾಮಿನಲ್ಲಿ ಮಿದುಳು ಸಹಕಾರಿ ಸಂಘದ ಬೋರ್ಡು ಏರಿತು. ಸದಸ್ಯರ ಕಿವಿಯ ಹಿಂದೆ ಒಂದು ಬಿಲ್ಲೆ, ಮನೆಯ ಕರೆಂಟು ಬಿಲ್ಲು ಮಾಫಿ. ಮೂರು ಲೋಕದ ಗಣಿತಜ್ಞರಿಗೆ ಬಿಡಿಸಲಾಗದ ಲೆಕ್ಕಗಳೆಲ್ಲ ಬೆಟಗೇರಿಯ ನೇಕಾರರ, ಹೂವಾಡಿಗರ, ಪಾನ್ ಅಂಗಡಿಯವರ ತಲೆಯಲ್ಲಿ ಬಿಡಿಸಿಕೊಳ್ಳತೊಡಗಿದವು. ಅವರಿಗೆ ಅದರ ಗಂಧಗಾಳಿ ಇರುತ್ತಿರಲಿಲ್ಲ. ಅವರ ಪಾಡಿಗೆ ಅವರು ಎಲೆಗೆ ಸುಣ್ಣ ಸವರುತ್ತಿದ್ದರು.

ಲೆಕ್ಕಕ್ಕೆ ಜಾಗ ಬೇಕಲ್ಲ, ಅದಕ್ಕೆ ಬಿಲ್ಲೆ ಒಂದು ಉಪಾಯ ಮಾಡುತ್ತಿತ್ತು. ತಲೆಯೊಳಗಿನ ಒಂದು ನೆನಪನ್ನು ಮೆಲ್ಲಗೆ ಎತ್ತಿ ಬದಿಗಿಟ್ಟು, ತೆರವಾದ ಖೋಲಿಯಲ್ಲಿ ಅಂಕಿಗಳನ್ನು ಹರಡಿಕೊಂಡು, ಕೆಲಸ ಮುಗಿದ ಮೇಲೆ ಗುಡಿಸಿ ಸಾರಿಸಿ ನೆನಪನ್ನು ಇದ್ದಲ್ಲೇ ಇಡುತ್ತಿತ್ತು. ಎತ್ತಿದ ಗಳಿಗೆಯಿಂದ ಇಡುವ ಗಳಿಗೆಯವರೆಗೆ ಲೆಕ್ಕವನ್ನು ಯಾರೂ ಮುಟ್ಟಕೂಡದು. ಅದಕ್ಕೆ ಮಡಿ ಎಂದು ಹೆಸರು. ಒಂದು ಮಡಿ ಮುಗಿದು ಇನ್ನೊಂದು ಶುರುವಾಗುವ ನಡುವೆ ಸೀನು ಬಂದು ಹೋಗುವಷ್ಟು ಬಿಡುವು ಇರುತ್ತಿತ್ತು. ಅದು ಹೊಸ್ತಿಲು. ಬಿಲ್ಲೆಯನ್ನು ಒತ್ತಿ ಲೆಕ್ಕವನ್ನು ನಿಲ್ಲಿಸುವುದಿದ್ದರೆ ಹೊಸ್ತಿಲಲ್ಲೇ ನಿಲ್ಲಿಸಬೇಕು.

ಸಾಮಾನ್ಯಕ್ಕೆ ಒಂದು ಮಡಿಯೆಂದರೆ ಕಣ್ಣು ಪಿಳಕಿಸುವಷ್ಟು. ಜನ ಒಗ್ಗಿಹೋಗಿದ್ದರು. ಕ್ಷೌರದ ಮಾನಪ್ಪ ಗಿರಾಕಿಯ ಗಲ್ಲದ ಮೇಲೆ ಕತ್ತಿ ಇಟ್ಟು 'ಇದನ್ನ ಏನ್ ಮಾಡೋದು?' ಎಂಬಂತೆ ನಿಂತರೆ, ಗಿರಾಕಿ ಉಸಿರು ಬಿಗಿಹಿಡಿದು 'ಮಡಿಯಾಗ ಅದಾನ' ಎಂದುಕೊಂಡು ಕಾಯುತ್ತಿದ್ದ. ಒಬ್ಬ ಬಸ್ ಕಂಡಕ್ಟರನ ಹೆಂಡತಿ ಮಾತ್ರ ಕಾಯಲಾರದೆ ಬಿಲ್ಲೆಯನ್ನು ಕಿತ್ತೇ ಬಿಟ್ಟಿದ್ದಳು. ಎತ್ತಿಟ್ಟಿದ್ದ ನೆನಪು ಎಲ್ಲಿ ಬಿತ್ತೋ ಶಿವನೇ ಬಲ್ಲ, ಪುಣ್ಯಾತ್ಮನಿಗೆ ಸೀಟಿ ಊದುವುದು ಮರೆತುಹೋಯಿತು. ಬಾಯಲ್ಲಿ ಸೀಟಿ ಇಟ್ಟುಕೊಂಡು ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿದ್ದ. ಬಸ್ಸು ಇಂದಿಗೂ ಮುಳಗುಂದ ನಾಕಾದಲ್ಲೇ ನಿಂತಿದೆ, ಒಳಗಿನ ಪ್ಯಾಸೆಂಜರುಗಳಿಗೆ ಅಲ್ಲೇ ಸಂಬಂಧ ಕೂಡಿ ಲಗ್ನಗಳಾಗಿವೆ ಎನ್ನುತ್ತಾರೆ.

ದ್ರಾಕ್ಷಾಯಣಿಗೆ ಇದೆಲ್ಲ ಹೊಸದಲ್ಲ. ಗಣಿತದಲ್ಲಿ ಎಂಎಸ್ಸಿ ಮಾಡಿ ಸಂಘದಲ್ಲೇ ಕೆಲಸಕ್ಕಿದ್ದಳು. ನಡೆಯುತ್ತಿರುವ ಲೆಕ್ಕಗಳ ಮೇಲೆ ಕಣ್ಣಿಟ್ಟು, ಬೇಕಾದಾಗ ಹೊಸ್ತಿಲು ನೋಡಿ ತಡೆಯುವ ಮೇಜು ಅವಳದೇ. ಎಷ್ಟೋ ಮನೆಗಳ ಗಂಡಂದಿರನ್ನು ಹಾಗೆ ಕ್ಷೇಮವಾಗಿ ತಿರುಗಿ ತಂದುಕೊಟ್ಟಿದ್ದಳು. ಆದರೆ ಯಾವ ಮಡಿಯೂ ಒಂದು ಲೋಟ ಚಹಾ ಆರುವವರೆಗೆ ನಡೆದದ್ದನ್ನು ಅವಳು ಕಂಡಿರಲಿಲ್ಲ.

ಗಂಡ ಶೇಖಪ್ಪ ಲುಂಗಿ ಎತ್ತಿಕೊಂಡು ಓಡಿಬಂದ. ಸುಮ್ಮನೆ ಒಂದೆಡೆ ಕೂರುವ ಆಸಾಮಿಯಲ್ಲ ಆತ. ಫೋಟೋ ತೆಗೆಸಿಕೊಂಡರೆ ಫೋಟೋದಲ್ಲೂ ಅಲುಗಾಡುತ್ತಿದ್ದ.

"ಯವ್ವಾ, ಈಕಿ ಯಾರಂತ ಗೊತ್ತಾಗಲಿಲ್ಲ ನಿನಗ?"

"ನೀನರೆ ಗುರುತು ಹೇಳಬಾರದೇನಪಾ? ಮನಿಗೆ ಬಂದ ಹೆಣ್ಣುಮಗಳನ್ನ ನಿಂದರಿಸಿ ಮಾತಾಡಸಾಕತ್ತಿಯಲ್ಲ!"

ಶೇಖಪ್ಪ ತಡೆಯಲಿಲ್ಲ. ಬಿಲ್ಲೆಯನ್ನು ಒತ್ತಿದ. ಕೆಂಪು ಆರಲಿಲ್ಲ. ಮತ್ತೆ ಒತ್ತಿದ. ಲಿಫ್ಟಿನ ಗುಂಡಿ ಒತ್ತುವವರ ಹಾಗೆ ಒತ್ತಿದ್ದೇ ಒತ್ತಿದ್ದು.

"ರೀ, ಬಿಡ್ರಿ! ಹೊಸ್ತಿಲು ಬಂದಾಗ ಒತ್ತಬೇಕು."

"ಒತ್ತಿದ್ರ ಏನು ಸವಕಳಿ ಆಗತೈತೇನು? ಒಂದಲ್ಲ ಒಂದು ನಾಟತೈತಿ ಬಿಡ."

"ನಾ ಆಫೀಸಿಗೆ ಹೋಗಿ ನೋಡ್ತೀನಿ. ನೀವು ಅವರನ್ನ ಕಾಯ್ರಿ."

ಬಸವಣ್ಣೆವ್ವ ಬಾಗಿಲವರೆಗೆ ಬಂದು ಸೊಸೆಗೆ ಕೈ ಮುಗಿದಳು. "ಹೋಗಿ ಬರ್ರಿ. ಮತ್ತ ಬರ್ರಿ ಮನಿಗೆ. ಊಟಾನೂ ಮಾಡಲಿಲ್ಲ ನೀವು."

ದ್ರಾಕ್ಷಾಯಣಿಗೆ ಸ್ಕೂಟರಿನ ಕೀಲಿಯ ತೂತು ಸಿಗಲಿಲ್ಲ.

*

ಗೋದಾಮಿನಲ್ಲಿ ವಾದಿರಾಜ ಗಲಗಲಿ ಗೋಡೆಯಗಲದ ಪರದೆಯ ಮುಂದೆ ಬೆರಳು ಕಡಿಯುತ್ತ ನಿಂತಿದ್ದ. ಬಿಲ್ಲೆಯೊಳಗಿನ ಪ್ರೋಗ್ರಾಂ ಬರೆದವನು ಅವನೇ. ತನ್ನ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಲು ಹೋದವರು ತಪ್ಪು ಸಿಗದೆ ಸಂನ್ಯಾಸ ತೆಗೆದುಕೊಂಡಿದ್ದಾರೆ ಎಂದು ಹೇಳಿಕೊಳ್ಳುತ್ತಿದ್ದ. ಇವತ್ತು ಬೆರಳಿಗೆ ಉಗುರು ಉಳಿದಿರಲಿಲ್ಲ.

"ಮೇಡಂ, ನಿಮ್ಮ ಅತ್ತಿಯವರ ತಲಿಯೊಳಗ ದೊಡ್ಡ ಸಂಖ್ಯಾ ಬಿಟ್ಟಾರ್ರೀ. ಅಧ್ಯಕ್ಷರದೇ ಹುಕುಂ."

ಅಧ್ಯಕ್ಷ ತೋಟಪ್ಪ ಅಸುಂಡಿಯವರಿಗೆ ದಾಖಲೆ ಮುರಿಯುವ ಚಟ. ಹೊರದೇಶದವರು ಕಳಿಸಿದ್ದ ಆ ಸಂಖ್ಯೆಯನ್ನು ಬರೆಯುತ್ತ ಹೋದರೆ ಗದಗ ಬಿಟ್ಟು, ಲಕ್ಕುಂಡಿ ದಾಟಿ, ಕೊಪ್ಪಳದ ಕೋಟೆಯ ಮೆಟ್ಟಿಲು ಹತ್ತಿಬಿಡುತ್ತಿತ್ತು. ಅದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ಯಾವುವು ಎಂದು ಹುಡುಕಬೇಕು. ಊರಿನಲ್ಲಿ ಎಲ್ಲಕ್ಕಿಂತ ಗಟ್ಟಿ ತಲೆ ಯಾವುದೆಂದು ಯಂತ್ರವನ್ನು ಕೇಳಿದರೆ ಅದು ಬಸವಣ್ಣೆವ್ವನ ಹೆಸರು ಹೇಳಿತ್ತು. ಈ ಮಾತಿಗೆ ಯಂತ್ರವೇ ಬೇಕಿರಲಿಲ್ಲ.

"ಅಲ್ರೀ ವಾದಿರಾಜ, ಅಷ್ಟು ದೊಡ್ಡದಕ್ಕ ಯಾವ ನೆನಪು ಎತ್ತೈತಿ ಅದು?"

ವಾದಿರಾಜ ಮುಖ ಕೆಳಗೆ ಹಾಕಿದ. "ದೊಡ್ಡ ಸಂಖ್ಯಾಕ್ಕ ದೊಡ್ಡ ಖೋಲಿ ಬೇಕಲ್ರೀ. ಬಿಲ್ಲಿ ಎಲ್ಲಾ ಖೋಲಿ ಅಳದು ನೋಡ್ತದ. ಗಂಡನ ಖೋಲಿ ಸಣ್ಣದಿತ್ತಂತ. ಮಗಂದು ಅದಕ್ಕಿಂತ ಒಂಚೂರು ದೊಡ್ಡದು. ಎಲ್ಲಕ್ಕಿಂತ ದೊಡ್ಡದು, ಏನ್ ಹೇಳ್ಲಿ ಮೇಡಂ, ದರಬಾರ್ ಹಾಲ್ ಇದ್ದಂಗ ಇತ್ತಂತ. ದಿನಾ ಝಾಡಿಸಿ ಸ್ವಚ್ಛ ಇಟ್ಟದ್ದು. ಅದು ನಿಮ್ದು."

ದ್ರಾಕ್ಷಾಯಣಿ ಕುರ್ಚಿ ಎಳೆದುಕೊಂಡು ಕೂತಳು. ಇಪ್ಪತ್ತು ವರ್ಷದ ಉಪ್ಪು, ಖಾರ, ಸುಟ್ಟ ರೊಟ್ಟಿ, ತಡವಾಗಿ ಎದ್ದ ಬೆಳಗುಗಳು, ಎದುರುತ್ತರಗಳು. ಆ ಹೆಂಗಸು ಒಂದನ್ನೂ ಬಿಟ್ಟುಕೊಟ್ಟಿರಲಿಲ್ಲ. ಗಂಡನಿಗೂ ಕೊಡದ ಜಾಗ ಕೊಟ್ಟು ಇಟ್ಟುಕೊಂಡಿದ್ದಳು.

"ತಿರುಗಿ ಬರತೈತಿಲ್ಲೋ?"

"ಎತ್ತಿಟ್ಟ ನೆನಪು ಹೂವಿದ್ದಂಗ್ರೀ. ಮುಂಜಾನೆ ಕಿತ್ತದ್ದು ಹೊತ್ತು ಮುಳುಗೋತನಾ ತಾಳ್ತದ. ಆಮ್ಯಾಲೆ ಇಟ್ರೂ ಹತ್ತೂದಿಲ್ಲ."

ಗೋದಾಮಿನ ಫ್ಯಾನುಗಳು ಒಮ್ಮೆಲೇ ತಿರುಗುವುದನ್ನು ನಿಲ್ಲಿಸಿದಂತಾಯಿತು. ಹೊರಗೆ ಬಿಸಿಲು ಏರುತ್ತಿತ್ತು. ದ್ರಾಕ್ಷಾಯಣಿ ಪರದೆಗೆ ಕಣ್ಣು ನೆಟ್ಟಳು. ಬಸವಣ್ಣೆವ್ವನ ಹೆಸರಿನ ಮುಂದೆ ಒಂದು ಹಸಿರು ಪಟ್ಟಿ ಬೆಳೆಯುತ್ತ ಹೋಗುತ್ತಿತ್ತು. ಪಟ್ಟಿ ಪೂರ್ತಿ ತುಂಬಿದರೆ ಮಡಿ ಮುಗಿದಂತೆ. ಅದು ಇಷ್ಟುದ್ದ ಬೆಳೆಯಿತು, ಇನ್ನಷ್ಟು ಬೆಳೆಯಿತು, ಫಕ್ಕನೆ ಮಾಯವಾಗಿ ಮೊದಲಿಗೆ ಬಂತು. ಮತ್ತೆ ಬೆಳೆಯಿತು. ಮತ್ತೆ ಫಕ್ಕನೆ ಬಿತ್ತು.

ಅವಳ ಫೋನು ಬಡಿದುಕೊಂಡಿತು. ಶೇಖಪ್ಪ.

"ಒತ್ತಾಕತ್ತೀನಿ. ಕೈಬೆರಳು ಸೋತು ಹೋದುವು. ರೋಣದಿಂದ ಚಿಗವ್ವನೂ ಫೋನಿನ್ಯಾಗ ಒತ್ತಾಕತ್ತಾಳ. ನರೇಗಲ್ಲಿನ ಮಾವನ ಮನಿಯಾವರು ಎಲ್ಲಾರೂ ಕೂಡಿ ಒತ್ತಾಕತ್ತಾರ. ಒಂದೊಂದು ಸಲ ಕೆಂಪು ಝಗ್ಗ ಅಂತೈತಿ, ಅಷ್ಟ."

ಸದಸ್ಯರ ನೆಂಟರಿಷ್ಟರಿಗೆಲ್ಲ ಫೋನಿನಲ್ಲೇ ತಡೆ ಒತ್ತುವ ಅನುಕೂಲವನ್ನು ಸಂಘವೇ ಮಾಡಿಕೊಟ್ಟಿತ್ತು. ಬಸವಣ್ಣೆವ್ವನ ಬಳಗವೋ, ಎಣಿಸಲು ಕೂತರೆ ಆ ದೊಡ್ಡ ಸಂಖ್ಯೆಯೇ ನಾಚಿ ತಲೆತಗ್ಗಿಸಬೇಕು. ಸಾಲದ್ದಕ್ಕೆ ಗೋದಾಮಿನ ಯಂತ್ರದಲ್ಲೂ ಒಬ್ಬ ಕಾವಲುಗಾರನಿದ್ದ. ಮಡಿ ಮಿತಿ ಮೀರಿದರೆ ತಾನಾಗಿ ತಡೆ ಕಳಿಸುತ್ತ ಇರುವ ಸಣ್ಣ ಪ್ರೋಗ್ರಾಂ.

"ವಾದಿರಾಜ, ಮಡಿಯಾಗ ಇದ್ದಾಗ ತಡೆ ಬಂದ್ರ ನಿಮ್ಮ ಪ್ರೋಗ್ರಾಂ ಏನ್ ಮಾಡತೈತ್ರೀ?"

ಪ್ರಶ್ನೆ ಕೇಳಿದ್ದೇ ತಡ ವಾದಿರಾಜನ ಬೆನ್ನು ನೆಟ್ಟಗಾಯಿತು. ತನ್ನ ಪ್ರೋಗ್ರಾಮಿನ ಮಾತು ಬಂದರೆ ಅವನು ಸ್ಮಶಾನದಲ್ಲೂ ಉಬ್ಬುವವನು.

"ಅಲ್ಲೇ ಇರೋದು ನೋಡ್ರಿ ಅದರ ಹಿಕ್ಮತ್ತು! ಬ್ಯಾರೆ ಊರಿನವರು ಏನ್ ಮಾಡ್ತಾರ? ತಡೆ ಬಂತು ಅಂತ ಒಂದು ಗುರ್ತು ಹಾಕಿ ಇಟ್ಟುಕೋತಾರ, ಕೆಲಸ ಮುಗದಿಂದ ನೋಡ್ತಾರ. ಅದು ಕಳ್ಳ ಮಡಿ. ಮುಟ್ಟಿಸಿಕೊಂಡ ಲೆಕ್ಕಾ ನಂಬಲಿಕ್ಕೆ ಬರ್ತದೇನ್ರೀ? ಬಾಗಲಕೋಟಿಯೊಳಗ ನಮ್ಮ ಅಜ್ಜಿ ಇದ್ಳು. ಮಡೀಲೇ ಅಡಿಗಿ ಮಾಡೋ ಮುಂದ ಯಾರದರೆ ಸೆರಗು ತಾಕ್ತೋ, ಅರ್ಧ ಬೆಂದ ಅನ್ನ ಇಳಿಸಿ, ಮತ್ತ ತಲಿಮ್ಯಾಲೆ ನೀರು, ಮತ್ತ ಮೊದಲಿಂದ. ನಾನೂ ಹಂಗೇ ಬರದೀನಿ. ಮಡಿಯೊಳಗ ಮುಟ್ಟಿದ್ರ, ಮಾಡಿದ್ದೆಲ್ಲಾ ಅಳಿಸಿ ಮತ್ತ ಸ್ನಾನದಿಂದ ಶುರು. ಪ್ರಪಂಚದಾಗ ಇಷ್ಟು ಶುದ್ಧ ಪ್ರೋಗ್ರಾಂ ಮತ್ತೊಂದಿಲ್ಲ!"

"ಹೌದ್ರೀ?"

"ಹೂಂ ಮತ್ತ! ಒಂದ್ಸಲ ನೋಡ್ರಿ, ಹಬ್ಬದ ದಿನ. ಹುಡುಗರೆಲ್ಲಾ ಹಸಿವಿ. 'ಅಜ್ಜಿ, ಆತೇನು?' ಅಂತ ಹೋಗಿ ಹೋಗಿ ಜಗ್ಗಿದಿವಿ. ಜಗ್ಗಿದಾಗೊಮ್ಮೆ ಅಜ್ಜಿ ಬಚ್ಚಲಕ್ಕ ಹೋದ್ಳು. ನಾವು ಹೆಚ್ಚು ಜಗ್ಗಿದಷ್ಟೂ... ಊಟಾನೇ ಆಗ್ಲಿಲ್ಲ ನೋಡ್ರಿ ಸಂಜಿತನಾ... ನಾವು ಸುಮ್ಮನ ಕೂತಿದ್ರ..."

ವಾದಿರಾಜನ ಮಾತು ಅಲ್ಲೇ ನಿಂತಿತು. ಪಟ್ಟಿ ಅರ್ಧಕ್ಕೆ ಬೆಳೆದಿತ್ತು. ಮಾಯವಾಯಿತು.

"ಅಯ್ಯೋ ಹನುಮಪ್ಪಾ," ಎಂದು ಅವನು ಎರಡೂ ಕೈ ತಲೆಯ ಮೇಲಿಟ್ಟುಕೊಂಡ. "ನಾವೇ ಜಗ್ಗಲಿಕ್ಕತ್ತೇವಲ್ರೀ!"

ದ್ರಾಕ್ಷಾಯಣಿ ಆಗಲೇ ಫೋನಿನಲ್ಲಿ ಕೂಗುತ್ತಿದ್ದಳು. "ರೀ, ಕೈ ತಗೀರಿ! ಅತ್ತಿಯಾರನ್ನ ಯಾರೂ ಮುಟ್ಟಬ್ಯಾಡ್ರಿ. ಯಾರೂ!"

"ಹಂಗಂದ್ರ ಸುಮ್ನ ಕುಂದರೋದೇನು?"

"ಹೌದು. ಸುಮ್ನ ಕುಂದರ್ರಿ."

"ನನ್ನ ಕೈಲೆ ಆಗೂದಿಲ್ಲ."

"ಬಾಜೂ ಮನಿ ಹುಸೇನಬೀನ್ನ ಕರೀರಿ, ನಿಮ್ಮ ಕೈ ಮ್ಯಾಲೆ ನಿಮ್ಮನ್ನ ಕುಂದರಸತಾಳ."

ರೋಣ, ನರೇಗಲ್ಲು, ಗಜೇಂದ್ರಗಡದ ಬಳಗಕ್ಕೆಲ್ಲ ಒಬ್ಬೊಬ್ಬರಿಗೇ ಹೇಳುತ್ತ ಕೂತರೆ ಸೂರ್ಯ ಮುಳುಗಿ, ಮತ್ತೆ ಎದ್ದು, ಮುದುಕನಾಗಿ ಸತ್ತೇ ಹೋಗುತ್ತಿದ್ದ. ಅವರೆಲ್ಲರ ತಡೆಗಳೂ, ಕಾವಲುಗಾರನ ತಡೆಯೂ, ಗೋದಾಮಿನ ಹಿತ್ತಲಿನಲ್ಲಿ ಸಿಗ್ನಲ್ ಕಳಿಸಲು ನೆಟ್ಟಿದ್ದ ಎತ್ತರದ ಕಂಬದ ಮೂಲಕವೇ ಹೋಗುತ್ತಿದ್ದವು. ಕಂಬದ ಫ್ಯೂಸು ತೆಗೆದರೆ ಎಲ್ಲವೂ ಬಂದ್. ಲೆಕ್ಕ ಮಾತ್ರ ತಲೆಯೊಳಗೆ ತನ್ನ ಪಾಡಿಗೆ ನಡೆಯುತ್ತದೆ. ಆದರೆ ಪರದೆಯೂ ಬಂದ್. ಪಟ್ಟಿ ಕಾಣುವುದಿಲ್ಲ, ಹೊಸ್ತಿಲು ಯಾವಾಗ ಬಂತೆಂದು ತಿಳಿಯುವುದಿಲ್ಲ. ಹೊಸ್ತಿಲಲ್ಲಿ ತಡೆಯದೆ ಬಿಟ್ಟರೆ ಲೆಕ್ಕ ಮುಂದಿನ ಮಡಿಗೆ ಇಳಿದು ಅದೇ ಖೋಲಿಯನ್ನು ಮತ್ತೆ ತೆರವು ಮಾಡುತ್ತದೆ. ಅಷ್ಟುದ್ದದ ಸಂಖ್ಯೆಗೆ ಅಂಥ ಮಡಿಗಳು ಎಷ್ಟೋ.

ವಾದಿರಾಜ ಅಧ್ಯಕ್ಷರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ.

"ಕಂಬ ಬಂದ್ ಮಾಡ್ತಿ?" ತೋಟಪ್ಪನವರ ದನಿಗೆ ಮೇಜಿನ ಮೇಲಿನ ಪೆನ್ನುಗಳು ಉರುಳಿದವು. "ಹೊರದೇಶದಾವರು ಕಣ್ಣಾಗ ಕಣ್ಣಿಟ್ಟು ನೋಡಾಕತ್ತಾರ! ದಾಖಲೆ ಅಂದ್ರ ತಮಾಷೆ ಅಂತ ತಿಳಿದಿ ಏನು? ಮುದುಕಿ ಸೊಸೀನ್ನ ಮರತರ ಏನು ಆಕಾಶ ಕಳಚಿ ಬೀಳತೈತಿ? ನಮ್ಮ ಮನ್ಯಾಗ ಎಲ್ಲಾರೂ ಬೇಡಿಕೊಳ್ಳಾಕತ್ತಾರ, ನಮ್ಮ ಅವ್ವನ ತಲಿಗೂ ಅದನ್ನೊಂದು ಹಾಕ್ರಿ ಅಂತ!"

ವಾದಿರಾಜ ದ್ರಾಕ್ಷಾಯಣಿಯ ಮುಖ ನೋಡಿದ. ಫೋನನ್ನು ಮೇಜಿನ ಡ್ರಾಯರಿನಲ್ಲಿಟ್ಟು ಮುಚ್ಚಿದ. ತೋಟಪ್ಪನವರು ಒಳಗೇ ಗುಡುಗುತ್ತಿದ್ದರು.

"ಮೇಡಂ, ಉಳಿದ ಸದಸ್ಯರನ್ನೆಲ್ಲಾ ಅವರವರ ಹೊಸ್ತಿಲಿಗೆ ನಿಲ್ಲಿಸಿ ಫ್ಯೂಸ್ ತಗೀತೀನಿ. ಮುಟ್ಟಲಿಲ್ಲ ಅಂದ್ರ ನಿಮ್ಮ ಅತ್ತಿಯವರ ಮಡಿ ಒಂದು ಊಟಾ ಮಾಡಿ, ಒಂದು ನಿದ್ದಿ ತಗದು ಏಳೋ ಹೊತ್ತಿಗೆ ಮುಗೀಬೇಕು. ಹೊತ್ತು ಮುಳುಗೋದರೊಳಗ ಅಂಥದ್ದು ಒಂದೇ ಆಗ್ತದ. ಮತ್ತೊಮ್ಮೆ ಯಾರರೆ ಮುಟ್ಟಿದ್ರ ಮುಗೀತು."

"ಪರದೆ ಇಲ್ಲದ ಹೊಸ್ತಿಲು ಹೆಂಗ ತಿಳೀತೈತ್ರೀ?"

"ಆ ಖೋಲಿ ಭರ್ತಿ ಆದಕೂಡ್ಲೆ ಅವರಿಗೆ ನಿಮ್ಮ ಗುರುತು ಹತ್ತಬೇಕಲ್ರೀ. ಅದಕ್ಕಿಂತ ಚುರುಕಾದ ಮೀಟರು ನನ್ನ ಹತ್ರ ಇಲ್ಲ. ಗುರುತು ಹತ್ತಿದ್ದು ಕಂಡ್ತೋ, ಒತ್ತಿಬಿಡ್ರಿ. ತಡಾ ಮಾಡಬ್ಯಾಡ್ರಿ. ಒಂದು ಸೀನಿನಷ್ಟೇ."

*

ಮನೆಗೆ ಬಂದರೆ ಶೇಖಪ್ಪ ನಡುಮನೆಯಲ್ಲಿ ಬೆಳ್ಳುಳ್ಳಿಯ ಗುಡ್ಡದ ಮುಂದೆ ಕೂತಿದ್ದ. ಪಕ್ಕದ ಮನೆಯ ಹುಸೇನಬಿ ಓಣಿಯ ಅಷ್ಟೂ ಮನೆಗಳ ಬೆಳ್ಳುಳ್ಳಿ ಕಲೆಹಾಕಿ ಅವನ ಮುಂದೆ ಸುರುವಿ, ಬಾಗಿಲಿಗೆ ಅಡ್ಡ ಕೂತಿದ್ದಳು. ಮುಂದಿನ ಮೂರು ವರ್ಷ ಬೆಟಗೇರಿಯಲ್ಲಿ ಯಾರೂ ಬೆಳ್ಳುಳ್ಳಿ ಸುಲಿಯಬೇಕಾಗಲಿಲ್ಲ ಎಂದರೆ ಲೆಕ್ಕ ಹಾಕಿ.

"ಸುಲಿ, ಸುಲಿ," ಎನ್ನುತ್ತಿದ್ದಳು ಹುಸೇನಬಿ ಪಿಸುದನಿಯಲ್ಲಿ. "ಕೈ ಬಿಟ್ಟರ ನಿಮ್ಮವ್ವನ ಕಿವಿಗೇ ಹೋಗತೈತಿ ಅದು."

"ಹುಸೇನಬೀ, ಎಷ್ಟೊತ್ತಬೇ ಇದು?"

"ನನ್ನೇನು ಕೇಳತಿ? ನಾ ಏನು ಮುಳುಗೋ ಸೂರ್ಯ ಏನು?"

ಬಾಗಿಲಿಗೆ ಬಂದ ನೆರೆಹೊರೆಯವರನ್ನೆಲ್ಲ ಹುಸೇನಬಿ ಬಾಯಿಗೆ ಸೆರಗು ಒತ್ತಿಸಿ ಕೂರಿಸಿದ್ದಳು. ಕಟ್ಟೆ ತುಂಬಿತ್ತು. ಮಗ್ಗಗಳು ನಿಂತಿದ್ದವು. ಬೆಟಗೇರಿ ಹುಟ್ಟಿದಾಗಿನಿಂದ ಇಷ್ಟು ಸದ್ದಿಲ್ಲದೆ ಇದ್ದದ್ದೇ ಇಲ್ಲ. ಒಂದು ಇರುವೆ ಸಕ್ಕರೆ ಎಳೆದುಕೊಂಡು ಹೋದ ಸದ್ದಿಗೆ ಎಲ್ಲರೂ ಬೆಚ್ಚಿ ತಿರುಗಿ ನೋಡಿದರು.

ಪಡಸಾಲೆಯಲ್ಲಿ ಬಸವಣ್ಣೆವ್ವ ಹೊರಸಿನ ಮೇಲೆ ಕೂತಿದ್ದಳು. ಸೊಸೆಯನ್ನು ಕಂಡು ಮುಖವರಳಿತು.

"ಬಂದ್ರಿ? ಛಲೋ ಆತು. ಮುಂಜಾನೆ ಮಾತಾಡಿಸಿ ಹೋದಾವರು ಮತ್ತ ಬರತೀರೋ ಇಲ್ಲೋ ಅನಿಸಿತ್ತು ನೋಡ್ರಿ."

ದ್ರಾಕ್ಷಾಯಣಿಯ ಬೆರಳು ಬಿಲ್ಲೆಯ ಹತ್ತಿರ ಇರಬೇಕು, ತಾಕಬಾರದು. ಕಿವಿಯ ಹತ್ತಿರ ಕೈಯಿಟ್ಟುಕೊಂಡು ಸುಮ್ಮನೆ ಕೂರಲು ನೆಪ ಬೇಕು. ಗೂಡಿನಲ್ಲಿದ್ದ ಬಾಚಣಿಗೆ ತೆಗೆದುಕೊಂಡಳು.

"ನಿಮ್ಮ ತಲಿ ಬಾಚಲೇನ್ರೀ?"

"ನಿಮಗ್ಯಾಕ ತ್ರಾಸು?" ಎನ್ನುತ್ತಲೇ ಬಸವಣ್ಣೆವ್ವ ಜಡೆ ಬಿಚ್ಚಿ ಬೆನ್ನು ತಿರುಗಿಸಿ ಕೂತಳು. ಇಪ್ಪತ್ತು ವರ್ಷ ಒಂದೇ ಮಾಡಿನ ಕೆಳಗಿದ್ದರೂ ದ್ರಾಕ್ಷಾಯಣಿ ಆ ಕೂದಲನ್ನು ಮುಟ್ಟಿರಲಿಲ್ಲ. ತೆಂಗಿನ ನಾರಿನ ಹಾಗೆ ಒರಟಾಗಿರಬಹುದೆಂದು ಎಣಿಸಿದ್ದಳು. ಬೆಳ್ಳಗೆ, ತೆಳ್ಳಗೆ, ಹಸುಗೂಸಿನ ಕೂದಲಿನಂತೆ ಬೆರಳಿನ ಸಂದಿನಲ್ಲಿ ಜಾರಿತು. ಎದುರಿನ ಕಪಾಟಿನ ಗಾಜಿನಲ್ಲಿ ಅತ್ತೆಯ ಮುಖ ಕಾಣುತ್ತಿತ್ತು. ಅದರ ಮೇಲಿಂದ ಅವಳು ಕಣ್ಣು ಕೀಳಲಿಲ್ಲ.

ಬಿಸಿಲು ಹೊಸ್ತಿಲಿನಿಂದ ಗೋಡೆಗೆ, ಗೋಡೆಯಿಂದ ಮೂಲೆಗೆ ಸರಿಯಿತು. ಕೈ ನೋಯುತ್ತಿತ್ತು. ಬೆರಳು ತಾನಾಗಿ ಬಿಲ್ಲೆಯತ್ತ ಬಾಗುತ್ತಿತ್ತು. ಒಮ್ಮೆ ಒತ್ತಿ ನೋಡಿದರೇನು, ಈಗ ಮುಗಿದಿರಬಹುದು, ಈಗ, ಇದೀಗ ಎಂದು ಅಂಗೈಯೆಲ್ಲ ಇರುವೆ ಹರಿದಂತಾಗುತ್ತಿತ್ತು. ನಡುಮನೆಯಿಂದ ಶೇಖಪ್ಪನ ಬೆಳ್ಳುಳ್ಳಿಯ ಸದ್ದು ಚಟ್ ಚಟ್ ಎಂದು ಬರುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ನಿಂತಾಗೆಲ್ಲ ಇವಳು ಬಾಗಿಲತ್ತ ಕಿವಿ ಇಡುತ್ತಿದ್ದಳು.

"ತಂಗೀ, ಒಂದು ಮಾತು ಕೇಳಲೇನ್ರೀ?" ಎಂದಳು ಬಸವಣ್ಣೆವ್ವ. "ನಿಮ್ಮ ಪೈಕಿ ಹುಡಿಗ್ಯಾರು ಯಾರರೆ ಅದಾರೇನು? ನನ್ನ ಮಗಾ ಒಬ್ಬಂವ ಅದಾನ. ವಯಸ್ಸಾತು. ಲಗ್ನ ಆಗಿಲ್ಲ."

"...ಎಂಥಾಕಿ ಬೇಕ್ರೀ?"

"ಎಂಥಾಕಿ ಅಂತ ಹೇಳಲಿ. ರೊಕ್ಕ ಬ್ಯಾಡ, ಬಂಗಾರ ಬ್ಯಾಡ. ಹಿಂಗ ಸಮಾಧಾನ ಇರಬೇಕು. ನನ್ನ ಕೂಡ ಎರಡು ಮಾತು ಆಡಬೇಕು. ನಿಮ್ಮಂಥಾಕಿ ಸಿಕ್ಕರ ಸಾಕ್ರೀ. ಅಂಗೈಯಾಗ ಇಟ್ಟುಕೊಂಡು ನೋಡಿಕೊಳ್ತಿದ್ದೆ."

ಬಾಚಣಿಗೆ ನಿಂತಿತು.

ಯಾರಿಗೂ ತಿಳಿಯುವುದಿಲ್ಲ. ಬಾಚುತ್ತ ಬಾಚುತ್ತ ಒಂದು ಸಲ ಬೆರಳು ತಾಕಿದರೆ ಸಾಕು, ಮಡಿ ಮತ್ತೆ ಮೊದಲಿಂದ. ಹೊತ್ತು ಮುಳುಗುತ್ತದೆ. ನಾಳೆ ಬೆಳಿಗ್ಗೆ ಚಹಾ ಛಲೋ ಆಗಿರುತ್ತದೆ, ನಾಡಿದ್ದೂ ಛಲೋ ಆಗಿರುತ್ತದೆ. ಮಗನಿಗೆ ತಂದ ಸೊಸೆಯೆಂದು ಇವಳನ್ನೇ ಇನ್ನೊಮ್ಮೆ ಆರತಿ ಎತ್ತಿ ಒಳಗೆ ಕರೆದುಕೊಳ್ಳುತ್ತಾಳೆ. ಈ ಮಾತು ಕೇಳಬೇಕೆಂದು ಹೊಸ ಮದುವಣಗಿತ್ತಿಯಾಗಿದ್ದಾಗ ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಎಷ್ಟು ಅತ್ತಿದ್ದಳು! ಆ ನೀರನ್ನು ಹಿಡಿದಿಟ್ಟಿದ್ದರೆ ತುಂಗಭದ್ರೆಗೆ ಇನ್ನೊಂದು ಅಣೆಕಟ್ಟು ಬೇಕಾಗುತ್ತಿತ್ತು.

ಬೆರಳು ಬಿಲ್ಲೆಯ ಮೇಲೆ ಒಂದು ಕೂದಲೆಳೆಯ ಅಂತರದಲ್ಲಿ ನಿಂತಿತ್ತು. ಆದರೆ ಹೀಗೆ ಹೊಗಳುವವಳಿಗೆ ದ್ರಾಕ್ಷಾಯಣಿ ಯಾರೆಂದೇ ಗೊತ್ತಿರಲಿಲ್ಲ. ದರಬಾರ್ ಹಾಲಿನಷ್ಟು ಜಾಗ ಕೊಟ್ಟಿದ್ದವಳು ಬೇರೆ.

ಅವಳು ಬೆರಳನ್ನು ಹಿಂದಕ್ಕೆಳೆದು ಮತ್ತೆ ಬಾಚತೊಡಗಿದಳು. ಕಣ್ಣು ಮಂಜಾಗಿ ಒಂದು ಸಿಕ್ಕು ಕಾಣಲಿಲ್ಲ. ಬಾಚಣಿಗೆ ಜಗ್ಗಿತು.

ಗಾಜಿನೊಳಗಿನ ಮುಖದಲ್ಲಿ ಹುಬ್ಬು ಮೇಲೇರಿತು. ಹೆಗಲು ಸೆಟೆಯಿತು.

"ಏ ದ್ರಾಕ್ಷೀ! ತಲಿ ಬಾಚಾಕತ್ತಿಯೋ ಹೊಲದಾಗ ಕಸಾ ಕೀಳಾಕತ್ತಿಯೋ? ನಿಮ್ಮ ತವರಮನ್ಯಾಗ ಎಮ್ಮಿ ಬಾಲಾ ಬಾಚಿ ಬಾಚಿ ರೂಢಿ ಆಗೇತಿ ನಿನಗ!"

ದ್ರಾಕ್ಷಾಯಣಿಯ ನಾಲಿಗೆಯ ತುದಿಗೆ ಉತ್ತರ ತಯಾರಾಗಿ ಬಂದು ನಿಂತಿತು. ತವರುಮನೆಯ ಎಮ್ಮೆಯ ಬಾಲ ಕೂಡ ಇದಕ್ಕಿಂತ ದಟ್ಟವಾಗಿತ್ತು ಎಂಬ ಉತ್ತರ. ಇಪ್ಪತ್ತು ವರ್ಷಗಳಲ್ಲಿ ಒಂದು ಮಾತನ್ನೂ ಉತ್ತರವಿಲ್ಲದೆ ಬಿಟ್ಟವಳಲ್ಲ. ಆ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ಹೊಸ್ತಿಲು ದಾಟಿಹೋಗುತ್ತಿತ್ತು.

ನಾಲಿಗೆ ಕಚ್ಚಿಕೊಂಡಳು. ಒತ್ತಿದಳು.

ಬಿಲ್ಲೆಯ ಕೆಂಪು ನಡುಗಿತು, ಹಳದಿಯಾಯಿತು, ಆರಿತು. ಸೂರ್ಯ ಇನ್ನೂ ಗಿರಣಿಯ ಚಿಮಣಿಯ ಮೇಲೆ ಒಂದು ಕೈ ಊರಿಕೊಂಡು ನಿಂತಿದ್ದ, ನೋಡಿ ಹೋಗೋಣವೆಂದು.

"ಯಾಕ? ಬಾಯಿಗೆ ಬೀಗ ಬಿತ್ತೇನು?" ಬಸವಣ್ಣೆವ್ವ ತಿರುಗಿ ಸೊಸೆಯ ಮುಖ ದಿಟ್ಟಿಸಿದಳು. "ಅಳಾಕ ಯಾಕ ಹತ್ತಿ? ಯಾರು ಸತ್ತಾರ? ಕಟ್ಟಿ ತುಂಬ ಮಂದಿ ಯಾಕ ಕುಂತಾರ? ಏ ಶೇಖ್ಯಾ, ಇದೇನೋ ಬೆಳ್ಳುಳ್ಳಿ ನಾತ! ನಾ ಇದ್ದಾಂಗ ನನ್ನ ತಿಥಿಗೆ ಅಡಿಗಿ ಶುರು ಮಾಡೀರೇನು?"

ಕಟ್ಟೆಯ ಮೇಲಿನ ಜನ ಒಮ್ಮೆಲೇ ಉಸಿರು ಬಿಟ್ಟ ರಭಸಕ್ಕೆ ಓಣಿಯಲ್ಲಿ ಒಣಗಹಾಕಿದ್ದ ಸೀರೆಗಳು ಹಾರಿ ನರಗುಂದ ಸೇರಿದವು. ಶೇಖಪ್ಪ ಬೆಳ್ಳುಳ್ಳಿಯ ಕೈಯಲ್ಲೇ ಓಡಿಬಂದು ಅವ್ವನನ್ನು ತಬ್ಬಿಕೊಳ್ಳಲು ಹೋಗಿ ಬೈಸಿಕೊಂಡ. ಕೊಪ್ಪಳದ ಕೋಟೆ ಹತ್ತಬೇಕಿದ್ದ ಸಂಖ್ಯೆ ಲಕ್ಕುಂಡಿಯನ್ನೂ ಮುಟ್ಟದೆ ದಾರಿಯಲ್ಲೇ ಉಳಿಯಿತು. ತೋಟಪ್ಪನವರು ಡ್ರಾಯರಿನಲ್ಲಿ ಇನ್ನೂ ಗುಡುಗುತ್ತಲೇ ಇದ್ದರು. ವಾದಿರಾಜ ಅಂದೇ ಕೂತು, ಕಳ್ಳ ಮಡಿಯೇ ಸೈ ಎಂದು ಪ್ರೋಗ್ರಾಮನ್ನು ತಿದ್ದಿ ಬರೆದ.

ದ್ರಾಕ್ಷಾಯಣಿ ಕಣ್ಣೊರೆಸಿಕೊಂಡು ಬಾಚಣಿಗೆಯನ್ನು ಗೂಡಿನಲ್ಲಿಡಲು ಎದ್ದಳು. ಅತ್ತೆಗೆ ಗುರುತು ಹತ್ತಿತಲ್ಲ, ಇನ್ನು ತಲೆ ಮುಟ್ಟಗೊಡುವುದುಂಟೆ?

"ಎಲ್ಲಿಗೆ ಹೊಂಟಿ?" ಎಂದಳು ಬಸವಣ್ಣೆವ್ವ.

"ಇದನ್ನ ಇಟ್ಟು ಬರತೀನ್ರೀ ಅತ್ತಿ."

"ಅರ್ಧ ತಲಿ ಬಾಚಿ ಇಟ್ಟು ಬರತಾಳಂತ! ಉಳಿದ ಅರ್ಧ ನಿಮ್ಮಪ್ಪ ಬಂದು ಬಾಚತಾನೇನು?" ಅವಳು ಸೆರಗು ಸರಿಮಾಡಿಕೊಂಡು, ಮತ್ತೆ ಕಪಾಟಿನತ್ತ ಮುಖ ಮಾಡಿ, ಬೆನ್ನು ಕೊಟ್ಟು ಕೂತಳು. "ಕುಂದರ. ಹಿಡಿದ ಕೆಲಸ ಮುಗಿಸು."